ಗಾಳಿ ಇಲ್ಲದ ಲೆಕ್ಕ

ನನ್ನ ಗಂಡನಷ್ಟು ಹಟಮಾರಿ ಮನುಷ್ಯನನ್ನು ನಾನು ಎಲ್ಲೂ ಕಂಡಿಲ್ಲ. ಅಗ್ನಿಶಾಮಕ ದಳದಲ್ಲಿ ನೀರಿನ ಪೈಪು ಹಿಡಿದೇ ತಲೆ ನರೆಸಿಕೊಂಡವರು. ಹೋದ ವರ್ಷ ಏಣಿಯಿಂದ ಜಾರಿ ಬಲಭುಜ ಮುರಿದುಕೊಂಡರು. ಮತ್ತೆ ಏಣಿ ಹತ್ತಿದರೆ ಆ ಕೈಯ ಆಸೆ ಬಿಟ್ಟುಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಕೆಳಗೆ ನಿಂತು ಉಸ್ತುವಾರಿ ನೋಡುವ ಹುದ್ದೆ ಸಿಗಬೇಕಾದರೆ ಇಲಾಖೆಯ ಪರೀಕ್ಷೆ ಪಾಸಾಗಬೇಕು. ಅದರಲ್ಲೊಂದು ಭೌತಶಾಸ್ತ್ರದ ಪೇಪರು. ಎರಡು ಸಲ ಅದರಲ್ಲೇ ಡುಮ್ಕಿ ಹೊಡೆದಿದ್ದರು. ಮೂರನೆಯದೇ ಕೊನೆಯ ಅವಕಾಶ.

ಕಾಲೇಜಿಗೆ ಹೋಗುವ ಮಗಳು ಅಡುಗೆಮನೆಯ ಮೇಜಿನ ಮೇಲೆ ಅಪ್ಪನಿಗೆ ಪಾಠ ಶುರುಮಾಡಿದಳು. ಎಸೆದದ್ದು ಹೇಗೆ ಹಾರಿ ಎಲ್ಲಿ ಬೀಳುತ್ತದೆ ಅನ್ನುವ ಲೆಕ್ಕ. ವೇಗವನ್ನು ಎರಡು ಪಾಲು ಮಾಡಬೇಕಂತೆ, ಅಡ್ಡಕ್ಕೊಂದು, ಮೇಲಕ್ಕೊಂದು. ಅಡ್ಡದ ಪಾಲು ಇದ್ದಹಾಗೇ ಇರುತ್ತದೆ, ಮೇಲಿನದನ್ನು ಮಾತ್ರ ಭೂಮಿ ಎಳೆಯುತ್ತದೆ. ಸೆಕೆಂಡಿಗೆ ಇಪ್ಪತ್ತು ಮೀಟರ್ ವೇಗ, ನಲವತ್ತೈದು ಡಿಗ್ರಿ ಓರೆ, ಎಷ್ಟು ದೂರ ಬೀಳುತ್ತದೆ? ಇವರು ಚಕಚಕ ಬಿಡಿಸಿ ನಲವತ್ತು ಮೀಟರ್ ಎಂದು ಉತ್ತರ ತಂದರು. ಆಮೇಲೆ ಅದನ್ನು ಹೊಡೆದುಹಾಕಿ ಮೂವತ್ತು ಎಂದು ಬರೆದರು!

"ಅಪ್ಪಾ! ಸರಿಯಾಗೇ ಇತ್ತಲ್ಲ, ಯಾಕೆ ಕೆಡಿಸ್ದೆ?"

"ನೀರು ಅಷ್ಟು ದೂರ ಹೋಗಲ್ಲಮ್ಮ. ಗಾಳಿ ತಿಂದುಹಾಕುತ್ತೆ."

"ಗಾಳೀನ ಲೆಕ್ಕಕ್ಕೆ ಹಿಡೀಬೇಡಿ ಅಂತ ಪ್ರಶ್ನೇಲೇ ಇದೆ!"

"ಗಾಳಿ ಇಲ್ಲದ ಊರು ಯಾವ್ದಿದೆ ಹೇಳು, ಅಲ್ಲಿಗೇ ವರ್ಗ ಮಾಡಿಸ್ಕೊಳ್ತೀನಿ."

ಮಗಳು ನಕ್ಕಳು. ನನಗೆ ಪಿತ್ತ ನೆತ್ತಿಗೇರಿತು. ಹಿಂದಿನ ಎರಡು ಸಲವೂ ಇವರು ಹೀಗೇ ಬಂದ ಉತ್ತರದಲ್ಲೆಲ್ಲ ಕಾಲುಭಾಗ ಕತ್ತರಿಸಿ ಬಂದಿದ್ದರು.

"ರೀ, ಕೇಳಿದ್ದಕ್ಕೆ ಉತ್ತರ ಬರೀರಿ ಸಾಕು. ನಾಳೆ ಕೈ ಹೋದ್ರೆ ಗಾಳಿ ಬಂದು ನಿಮ್ಮ ಅಂಗಿ ಗುಂಡಿ ಹಾಕುತ್ತಾ?"

ಆ ಮಾತು ನಾಟಿತೇನೋ. ದಿನಾ ಕೂತು ಅಭ್ಯಾಸ ಮಾಡಿದರು. ಬರಬರುತ್ತಾ ನಲವತ್ತು ಬಂದರೆ ನಲವತ್ತೇ ಬರೆಯತೊಡಗಿದರು. ಗೆದ್ದೆವು ಎಂದು ನಾನೂ ಅಂದುಕೊಂಡೆ.

ಪರೀಕ್ಷೆ ಮುಗಿಸಿ ಬಂದವರ ಮುಖ ನೋಡಿದ್ದೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು.

"ಕೊನೇ ಲೆಕ್ಕಕ್ಕೇ ಜಾಸ್ತಿ ಅಂಕ. ನೀರು ಮೂರನೇ ಮಹಡಿ ಕಿಟಕಿ ಮುಟ್ಟುತ್ತಾ ಇಲ್ವಾ ಅಂತ ಕೇಳಿದ್ರು. ಮುಟ್ಟುತ್ತೆ ಅಂತ ಬಂತು."

"ಮತ್ತಿನ್ನೇನು?"

"ಮುಟ್ಟಲ್ಲ ಅಂತ ಬರೆದೆ."

ನಾನು ಬಾಯಿಗೆ ಬಂದಂತೆ ಬೈದೆ. ಮನೆ ಹಾಳಾದರೂ ನಿಮಗೆ ನಿಮ್ಮ ಹಟವೇ ದೊಡ್ಡದು ಎಂದೆ. ಇವರು ಪ್ರಶ್ನೆಪತ್ರಿಕೆ ಮಡಚಿ ಮೇಜಿನ ಮೇಲಿಟ್ಟರು.

"ಕೆಲಸಕ್ಕೆ ಸೇರಿದ ಹೊಸದರಲ್ಲಿ," ಎಂದರು ಆಮೇಲೆ, "ಅಂಥದೇ ಕಿಟಕೀಲಿ ಒಬ್ಬಳು ನಿಂತಿದ್ಲು ಕಣೇ. ಪೈಪು ಎಳೆಯೋಷ್ಟೂ ಎಳೆದ್ವಿ, ಇನ್ನು ಹತ್ತಿರ ಹೋಗೋ ಹಾಗಿರ್ಲಿಲ್ಲ. ಅವಳು ಕೈ ಚಾಚಿದ್ಲು. ನೀರು ಒಂದು ಮಾರು ಕೆಳಗೇ ಬಾಗಿ ಬೀಳ್ತಿತ್ತು. ಮುಟ್ಟುತ್ತೆ ಅಂತ ಬರೆಯೋಕೆ ಕೈಯೇ ಬರ್ಲಿಲ್ಲ."

ಇಷ್ಟು ವರ್ಷದ ಸಂಸಾರದಲ್ಲಿ ಇದನ್ನು ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ.

ಆ ಒಂದು ಲೆಕ್ಕದಿಂದಲೇ ಪರೀಕ್ಷೆ ಹೋಯಿತು. ಈಗ ಮತ್ತೆ ಏಣಿಯ ಪಾಳಿ. ಅಗ್ನಿಶಾಮಕ ವಾಹನದ ಸೈರನ್ ಕೇಳಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತದೆ. ಒಂದೇ ಒಂದು ಪದ ಬರೆದು ಬರಲಾಗಲಿಲ್ಲವೇ ಎಂದು ಇವರನ್ನು ಶಪಿಸುತ್ತೇನೆ. ಶಪಿಸುತ್ತಿರುವಾಗಲೇ, ಆ ಕಿಟಕಿಯಲ್ಲಿ ನಾನು ನಿಂತಿದ್ದರೆ ಕೆಳಗೆ ಪೈಪು ಹಿಡಿಯಲು ನನಗೆ ಇವರೇ ಬೇಕಾಗಿತ್ತು ಅನ್ನಿಸಿ ಅಳು ಬರುತ್ತದೆ.