ಅಪ್ಪನಿಗೆ ತಂದ ನಾಲೆಯ ಪಾಚಿ

ನಾನು ಏಳನೇ ಕ್ಲಾಸಿನಲ್ಲಿದ್ದ ಆ ದಿನಗಳಲ್ಲಿ ನಮ್ಮ ಮನೆಯವರ ಕಿವಿಯೆಲ್ಲ ಅಪ್ಪನ ಉಸಿರಿನ ಮೇಲಿರುತ್ತಿತ್ತು. ಅವ್ವ ಮಸೊಪ್ಪು ಮಸೆಯುತ್ತಿದ್ದರೂ ನಡುವೆ ಕೈ ನಿಲ್ಲಿಸಿ ಒಳಕೋಣೆಯ ಕಡೆ ಕಿವಿ ಕೊಡುತ್ತಿದ್ದಳು. ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ನಾನು ಒಂಟಿಕಾಲಿನಲ್ಲೇ ನಿಂತುಬಿಡುತ್ತಿದ್ದೆ. ಒಳಗಿನಿಂದ ಸುಯ್ಯೆಂದು ಎಳೆದುಕೊಂಡ ಸದ್ದು ಬಂದ ಮೇಲೆ ಅವಳು ಸೊಪ್ಪಿಗೆ ಮರಳುತ್ತಿದ್ದಳು, ನಾನು ಆಟಕ್ಕೆ.

ನಮ್ಮದು ಚಿನಕುರಳಿಯ ಪಕ್ಕದ ಊರು. ಇದ್ದ ಅರ್ಧ ಎಕರೆ ಗದ್ದೆ ಹೊಟ್ಟೆಗೆ ಸಾಲದೆ ಅಪ್ಪ ಮದುವೆಗೂ ಮೊದಲೇ ಕಲ್ಲಿನ ಕ್ವಾರಿಗೆ ಸೇರಿದ್ದ. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಿರುತ್ತಿತ್ತು. ಅಂಗಿಯಿಂದ ಬಂಡೆ ಸಿಡಿಸುವ ಮದ್ದಿನ ವಾಸನೆ ಬರುತ್ತಿತ್ತು. ಎದೆಯೊಳಗೆ ಕಲ್ಲಿನ ಧೂಳು ಕೂತಿದೆ, ಒಮ್ಮೆ ಕೂತದ್ದು ಇಳಿಯುವುದಿಲ್ಲ ಎಂದು ಮೈಸೂರಿನ ಡಾಕ್ಟರು ಅವ್ವನಿಗೆ ಹೇಳಿದ್ದರಂತೆ. ಅವಳು ನನಗೆ ಹೇಳಿದ್ದು, "ಕೆಮ್ಮು ಕಣೆ, ಬ್ಯಾಸ್ಗೆ ಬಂದ್ರೆ ವಾಸಿ ಆಯ್ತದೆ" ಎಂದಷ್ಟೇ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ವಿಜ್ಞಾನದ ಮೇಡಂ ನಮ್ಮ ಕೈಲಿ ನಾಲೆಯಿಂದ ಪಾಚಿ ತರಿಸಿದರು. ನೀರೊಳಗೇ ಬೆಳೆಯುವ, ದಾರದಂಥ ಕಾಂಡಕ್ಕೆ ಚಿಕ್ಕ ಚಿಕ್ಕ ಎಲೆ ಸುತ್ತಿಕೊಂಡ ಗಿಡ ಅದು. ಮೇಡಂ ಅದನ್ನು ಗಾಜಿನ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಮೇಲೊಂದು ಆಲಿಕೆ ಬೋರಲು ಹಾಕಿ, ಅದರ ತುದಿಗೆ ನೀರು ತುಂಬಿದ ಪ್ರನಾಳ ಸಿಕ್ಕಿಸಿ ಬಿಸಿಲಿಗಿಟ್ಟರು. ಸ್ವಲ್ಪ ಹೊತ್ತಿಗೆ ಸಾಸಿವೆ ಕಾಳಿನಂಥ ಗುಳ್ಳೆಗಳು ಎಲೆಯಿಂದ ಬಿಡಿಸಿಕೊಂಡು ಮೇಲೇರತೊಡಗಿದವು.

"ಬಿಸಿಲು ಬಿದ್ದಾಗ ಎಲೆಯೊಳಗೆ ನೀರು ಒಡೆಯುತ್ತೆ" ಎಂದರು ಮೇಡಂ. "ತನ್ನ ಊಟಕ್ಕೆ ಬೇಕಾದ್ದನ್ನ ಗಿಡ ಇಟ್ಕೊಂಡು ಆಮ್ಲಜನಕವನ್ನ ಹೊರಗೆ ಬಿಡುತ್ತೆ. ನಾವು ಉಸಿರಾಡೋದು ಅದನ್ನೇ."

ಪಾತ್ರೆಗೆ ಬಟ್ಟೆ ಮುಚ್ಚಿದರು. ಗುಳ್ಳೆ ನಿಂತಿತು. ತೆಗೆದರು, ಮತ್ತೆ ಬಂತು. ಮಾರನೆಯ ದಿನ, ಪ್ರನಾಳದಲ್ಲಿ ಗಾಳಿ ಸೇರಿದ ಮೇಲೆ, ಆರುತ್ತಿದ್ದ ಊದುಬತ್ತಿಯನ್ನು ಅದರೊಳಗೆ ಇಳಿಸಿದರು. ಕಿಡಿ ಭಗ್ಗನೆ ಹೊತ್ತಿಕೊಂಡಿತು. ಉಳಿದ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಮನೆಗೆ ಓಡುವ ಅವಸರ.

ಅಂದೇ ಲಂಗ ಎತ್ತಿಕಟ್ಟಿ ನಾಲೆಯ ಮೆಟ್ಟಿಲಿಳಿದೆ. ಉಪ್ಪಿನಕಾಯಿಯ ಹಳೆಯ ಬಾಟಲಿಗಳಿಗೆ ಪಾಚಿ ತುಂಬಿ ಅಪ್ಪನ ಮಂಚದ ಸುತ್ತ ಜೋಡಿಸಿದೆ. ಒಳಕೋಣೆಯ ಕತ್ತಲಲ್ಲಿ ಒಂದೂ ಗುಳ್ಳೆ ಏಳಲಿಲ್ಲ.

"ಅಪ್ಪ, ಜಗಲಿಗೆ ಬಾ. ಬಿಸ್ಲಿಲ್ದೆ ಇವು ಗಾಳಿ ಬುಡಾಕಿಲ್ಲ."

"ಬೀದಿ ಧೂಳು ಅಪ್ಪುಂಗೆ ಆಗಾಕಿಲ್ಲ, ಸುಮ್ಕಿರು" ಎಂದಳು ಅವ್ವ.

"ಮಡಗು ಮಂಚವ... ಆಚ್ಗೆ" ಎಂದ ಅಪ್ಪ. "ಮಗ... ಯೋಳ್ತಾಳೆ."

ಮಾರನೆಯ ಬೆಳಗಿನ ಬಿಸಿಲಿಗೆ ಜಗಲಿಯ ಮೇಲೆ ಬಾಟಲಿಗಳು ಒಂದೊಂದಾಗಿ ಗುಳ್ಳೆ ಬಿಟ್ಟವು. ಅಪ್ಪ ಒಂದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಎಲ್ಲಿಂದ... ಬತ್ತದವ್ವ ಇದು?"

"ನೀರಿಂದ ಕಣಪ್ಪ. ಎಲೆ ನೀರ ಒಡೀತದೆ."

ಅಪ್ಪ ಬಾಟಲಿಯನ್ನು ಮತ್ತೆ ಬಿಸಿಲಿಗಿಟ್ಟ. ಆಮೇಲೆ, "ನಾನು ಕಲ್ಲೊಡ್ದೆ... ಧೂಳು ಬಂತು. ಇದು ನೀರೊಡ್ದು... ಉಸ್ರು ಕೊಡ್ತದೆ. ನನ್ಗಿಂತ ಒಳ್ಳೆ... ಕೆಲ್ಸ್ಗಾರ" ಎಂದು ನಕ್ಕ. ನಗು ಕೆಮ್ಮಾಯಿತು.

ಪ್ರತಿ ಬೆಳಿಗ್ಗೆ ಬಾಟಲಿಯ ಬಾಯಿ ಮೂಗಿಗೆ ಹಿಡಿದು, "ವಸಿ ಹಗುರಾಯ್ತು ಕಣವ್ವ" ಎನ್ನುತ್ತಿದ್ದ. ನಾನು ಬಾಟಲಿ ಹೆಚ್ಚಿಸುತ್ತ ಹೋದೆ. ಆದರೂ ಉಸಿರು ಗಿಡ್ಡವಾಗುತ್ತಲೇ ಇತ್ತು. ಮುದ್ದೆ ನುಂಗಲು ಆಗದೆ ಅಂಬಲಿಗೆ ಬಂದ. ಕೊನೆಗೆ ಒಂದು ದಿನ ಮೇಡಂ ಬಳಿ ಹೋಗಿ, "ಒಬ್ಬ ಮನುಷ್ಯಂಗೆ ಎಷ್ಟು ಬಾಟ್ಲಿ ಬೇಕು ಮೇಡಂ?" ಎಂದು ಕೇಳಿದೆ. ಯಾಕೆ ಎಂದರು. ಹೇಳಿದೆ.

ಆ ಸಂಜೆ ಅವರು ಮೇಲುಕೋಟೆಯ ಬಸ್ಸು ಬಿಟ್ಟು ನನ್ನ ಜೊತೆ ಮನೆಗೆ ನಡೆದುಬಂದರು. ಅಪ್ಪ ಮಲಗಿದ್ದಲ್ಲಿಂದಲೇ ಕೈ ಮುಗಿದ. ಜಗಲಿಯ ತುಂಬ ಇದ್ದ ಬಾಟಲಿಗಳನ್ನು ಅವರು ನೋಡುತ್ತ ನಿಂತರು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದೊಯ್ದು ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತರು.

"ಇಡೀ ನಾಲೆಯ ಪಾಚಿ ತಂದರೂ ಆಗಲ್ಲಮ್ಮ. ಹೊರಗೆ ಗಾಳಿ ಬೇಕಾದಷ್ಟಿದೆ. ಅದನ್ನ ಎಳ್ಕೊಳ್ಳೋ ಶಕ್ತಿ ಅಪ್ಪನ ಎದೆಗಿಲ್ಲ."

"ನೀವೇ ಹೇಳಿದ್ರಿ" ಎಂದೆ.

"ಹೂಂ, ಹೇಳಿದ್ದೆ" ಎಂದರು. ಅವರ ಕಣ್ಣು ತುಂಬಿತ್ತು.

ಅವರು ಹೋದ ಮೇಲೆ ನಾನು ಬಾಟಲಿಗಳನ್ನು ಚೆಲ್ಲಲು ಹೊರಟೆ. ಅಪ್ಪ ನನ್ನ ಕೈ ಹಿಡಿದುಕೊಂಡ.

"ಇರ್ಲಿ ಬುಡು."

"ಹಗುರಾಯ್ತು ಅಂತಿದ್ದಲ್ಲಪ್ಪ, ಸುಳ್ಳಾ?"

"ನೀನು ಪಕ್ದಲ್ಲಿ... ಕುಂತ್ಕತಿದ್ದೆಲ್ಲ. ಆಗ... ಹಗುರಾಯ್ತಿತ್ತು."

ಶಿವರಾತ್ರಿಗೆ ಮುಂಚೆ ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಮಂಚದ ಪಕ್ಕದ ಸಿಲಿಂಡರಿಗೆ ನೀರು ತುಂಬಿದ ಪುಟ್ಟ ಬಾಟಲಿ ಸಿಕ್ಕಿಸಿದ್ದರು. ಅದರೊಳಗಿನಿಂದ ಗಾಳಿ ಗುಳುಗುಳು ಎನ್ನುತ್ತ ಅಪ್ಪನ ಮೂಗಿಗೆ ಹೋಗುತ್ತಿತ್ತು. ಅಪ್ಪ ಕಣ್ಣಲ್ಲೇ ನನ್ನನ್ನು ಹತ್ತಿರ ಕರೆದ.

"ನೋಡವ್ವ... ಇಲ್ಲೂ... ನಿನ್ ಬಾಟ್ಲಿ."

ಮೂರನೆಯ ದಿನ ಮಧ್ಯಾಹ್ನ, ಆ ಗುಳ್ಳೆಗಳು ಏಳುತ್ತಿರುವಾಗಲೇ, ಅಪ್ಪ ಉಸಿರು ಎಳೆದುಕೊಳ್ಳುವುದನ್ನು ನಿಲ್ಲಿಸಿದ. ಅವನಿಗೆ ನಲವತ್ತೊಂದು ವರ್ಷ.

ಕಾರ್ಯವೆಲ್ಲ ಮುಗಿಯುವ ಹೊತ್ತಿಗೆ ಜಗಲಿಯ ಪಾಚಿ ಕೊಳೆತು ಕೆಟ್ಟ ವಾಸನೆ ಹೊಡೆಯುತ್ತಿತ್ತು. ಅವ್ವ ಒಂದೊಂದೇ ಬಾಟಲಿಯನ್ನು ನುಗ್ಗೆಗಿಡದ ಬುಡಕ್ಕೆ ಸುರಿದು, ತೊಳೆದು, ಬೋರಲು ಹಾಕಿದಳು. ನಾನು ನೋಡುತ್ತ ಕೂತಿದ್ದೆ. ಇಬ್ಬರೂ ಅಳಲಿಲ್ಲ.

ಈಗ ನಾಲೆಗೆ ಸಿಮೆಂಟು ಬಳಿದಿದ್ದಾರೆ. ಅಲ್ಲಿ ಬೇರೂರಲು ಯಾವ ಗಿಡಕ್ಕೂ ಜಾಗವಿಲ್ಲ. ಅಪ್ಪನ ಜೊತೆ ಕಲ್ಲು ಒಡೆಯುತ್ತಿದ್ದವರಲ್ಲಿ ಒಬ್ಬರೂ ಉಳಿದಿಲ್ಲ. ನಾನು ಅಪ್ಪನ ವಯಸ್ಸನ್ನು ದಾಟಿದ್ದೇನೆ. ಮೊನ್ನೆ ಮದುವೆಮನೆಯೊಂದರಲ್ಲಿ ಸೋದರತ್ತೆ ನನ್ನ ಮಗಳಿಗೆ ಹೇಳುತ್ತಿದ್ದಳು: "ನಿಮ್ ತಾತ ಗದ್ದೆ ಬಯಲಿಂದ ಒಂದು ಕೂಗಾಕುದ್ರೆ ಊರ್ಗೇ ಕೇಳಿಸ್ತಿತ್ತು ಕಣವ್ವ. ಅಂಗೇ ಪದ ಯೋಳವ್ನು, ಉಸ್ರೇ ತಗೀದಂಗೆ." ನಾನೂ ಮಗಳಂತೆಯೇ ಬೆರಗಾಗಿ ಕೇಳುತ್ತಿದ್ದೆ. ನನ್ನ ನೆನಪಿನಲ್ಲಿರುವುದು ಎರಡು ಮಾತಿಗೊಮ್ಮೆ ನಿಲ್ಲುವ ಅಪ್ಪ. ಆ ದೊಡ್ಡ ದನಿಯನ್ನು ನಾನೂ ಚಿಕ್ಕವಳಿದ್ದಾಗ ಕೇಳಿರಲೇಬೇಕು. ಎಷ್ಟು ಹುಡುಕಿದರೂ ಸಿಗುತ್ತಿಲ್ಲ.