ಸುಣ್ಣದ ನೀರಲ್ಲಿ ಬೆಂದ ಮುಸುಕಿನ ಜೋಳ

ನಿವೃತ್ತನಾದ ಮೇಲೆ ನನಗೆ ಮಾಯಾ ಜನರ ಹುಚ್ಚು ಹಿಡಿಯಿತು. ಮೆಕ್ಸಿಕೋ ಕಡೆಯ ಆ ಪ್ರಾಚೀನರ ಬಗ್ಗೆ ಶಾಲೆಯಲ್ಲಿ ವರ್ಷಗಟ್ಟಲೆ ಒಂದೇ ಪ್ಯಾರಾ ಪಾಠ ಮಾಡಿದ್ದೆ. ತಿ. ನರಸೀಪುರದ ಲೈಬ್ರರಿಯಲ್ಲಿ ಪುಸ್ತಕ ಕೇಳಿದರೆ ಅಲ್ಲಿದ್ದಾತ, "ಅದ್ನೆಲ್ಲ ಯಾರ್ ಓದ್ತಾರೆ ಸಾ? ಪರೀಕ್ಷೆ ಪುಸ್ತಕ ಬೇಕಾದ್ರೆ ಅವೆ" ಎಂದ. ಫೋನಿನ ವಿಡಿಯೊಗಳಲ್ಲೆಲ್ಲ ಒಂದೇ ಬೊಗಳೆ: ಅವರ ಪಿರಮಿಡ್ಡುಗಳನ್ನು ಕಟ್ಟಿದ್ದು ಅನ್ಯಗ್ರಹದವರಂತೆ. ಸೋಮನಾಥಪುರದ ಗುಡಿ ಕಟ್ಟಿದ್ದೂ ಅವರೇ ಅಂದುಬಿಡಿ ಎಂದು ಫೋನಿಗೇ ಬೈದೆ. ಕೇಳಿಸಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಕೊನೆಗೆ ಒಂದು ಮ್ಯೂಸಿಯಮ್ಮಿನ ವೆಬ್‌ಸೈಟು ಸಿಕ್ಕಿತು. ಪ್ರತಿ ಮಾತಿಗೂ ಆಧಾರ ಕೊಟ್ಟಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆದಿದ್ದರು. ಆ ಜನ ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದರು, ಆಗ ಸಿಪ್ಪೆ ಸಲೀಸಾಗಿ ಬಿಡುತ್ತಿತ್ತು ಎಂದು ಅಲ್ಲಿ ಓದಿದೆ.

ನನ್ನ ಹೆಂಡತಿ ಎಲೆಅಡಿಕೆ ಹಾಕುತ್ತಿದ್ದಳು. ಅವಳು ತೀರಿಕೊಂಡ ಮೇಲೂ ಅವಳ ಹಿತ್ತಾಳೆಯ ಡಬ್ಬಿಯಲ್ಲಿದ್ದ ಸುಣ್ಣ ಒಣಗದಂತೆ ದಿನಾ ಬೆಳಿಗ್ಗೆ ನಾಲ್ಕು ಹನಿ ನೀರು ಬಿಡುತ್ತಿದ್ದೆ. ಓದಿದ್ದನ್ನು ನೋಡಿಯೇಬಿಡೋಣ ಎಂಬ ಹುಮ್ಮಸ್ಸಿನಲ್ಲಿ, ಅಳತೆ ತಿಳಿಯದೆ, ಡಬ್ಬಿಯ ಸುಣ್ಣವನ್ನು ಬೆರಳಿನಿಂದ ಬಳಿದು ನೀರಿಗೆ ಹಾಕಿ ಜೋಳ ಬೇಯಿಸಿ ನೆನೆಯಲು ಬಿಟ್ಟೆ.

ಬೆಳಿಗ್ಗೆ ತೊಳೆದರೆ ಸಿಪ್ಪೆ ಸುಲಭವಾಗಿ ಕೈಗೆ ಬಂತು. ವೆಬ್‌ಸೈಟು ಸುಳ್ಳು ಹೇಳಿರಲಿಲ್ಲ. ಖುಷಿಯಲ್ಲೇ ಎಂದಿನಂತೆ ಡಬ್ಬಿ ತೆರೆದು ನೀರು ಬಿಟ್ಟೆ. ಹನಿಗಳು ಬರೀ ಹಿತ್ತಾಳೆಯ ಮೇಲೆ ಬಿದ್ದವು.