ಶುಗರ್ ಇಲ್ಲದವಳ ಸಪ್ಪೆ ಟೀ

ನನಗೆ ಯಾವುದರಿಂದ ವಾಸಿಯಾಯಿತು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಒಬ್ಬೊಬ್ಬರಿಗೆ ಗೊತ್ತಿರುವುದು ಒಂದೊಂದು, ಅಷ್ಟೇ. ಅತ್ತೆಯ ಪ್ರಕಾರ ಹಾಲುರಾಮೇಶ್ವರದ ಗಂಗಮ್ಮ. ಯಜಮಾನರ ಪ್ರಕಾರ ಅವರು ಭಾನುವಾರ ಭಾನುವಾರ ನನ್ನನ್ನು ದುರ್ಗದ ಕೋಟೆ ಹತ್ತಿಸಿದ್ದು. ಯಲ್ಲದಕೆರೆಯ ನನ್ನ ಅಣ್ಣನ ಪ್ರಕಾರ ಅವನು ಬಾಟಲಿಯಲ್ಲಿ ತುಂಬಿ ಕಳಿಸಿದ ಕಷಾಯ. ಕಾಯಿಲೆ ಬಿದ್ದವಳು ನಾನು, ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಹೊಳಲ್ಕೆರೆಯಲ್ಲಿ ನಮ್ಮದೊಂದು ಮ್ಯಾಚಿಂಗ್ ಸೆಂಟರ್ ಇದೆ. ಬ್ಲೌಸ್ ಪೀಸ್, ಲೈನಿಂಗ್, ಫಾಲ್ಸ್, ದಾರ. ಗಲ್ಲಾ ಯಜಮಾನರದು, ಬಣ್ಣ ನನ್ನದು. ಗಿರಾಕಿ ಸೀರೆಯ ಮಡಿಕೆ ಬಿಚ್ಚುವಷ್ಟರಲ್ಲಿ ನನ್ನ ಕೈ ಸರಿಯಾದ ಬಟ್ಟೆಯ ಮೇಲೆ ಇರುತ್ತಿತ್ತು. ಗಿಳಿಹಸಿರು, ಎಲೆಹಸಿರು ಎರಡನ್ನೂ ಟ್ಯೂಬ್‌ಲೈಟಿನಲ್ಲಿ ಒಂದೇ ಎಂದು ಮಾರುವವರಿದ್ದಾರೆ. ನಾನು ಅಂಗಡಿಯ ಮೆಟ್ಟಿಲಿಗೆ ತಂದು, ಬಿಸಿಲಿಗೆ ಹಿಡಿದು ತೋರಿಸಿ, ಆಮೇಲೆ ಕತ್ತರಿ ಹಾಕುವವಳು.

ಅಂಥವಳಿಗೆ ಒಂದು ದಿನ ಹಸಿರುಗಳೆಲ್ಲ ಒಂದೇ ಆದವು. ಕಣ್ಣಿಗೆ ಕಾಣುತ್ತಿದ್ದವು, ಆರಿಸಲು ಮನಸ್ಸೇ ಇರಲಿಲ್ಲ. ಯಾರೋ ಫಾಲ್ಸ್ ಕೇಳಿದರೆ ಡಬ್ಬವನ್ನೇ ಅವರ ಮುಂದೆ ತಳ್ಳಿ, ಯಾವುದಾದರೂ ತೆಗೆದುಕೊಳ್ಳಿ ಎಂದೆ. ಜಡೆ ಹಾಕಿಕೊಳ್ಳಲು ಕೈ ಎತ್ತುವುದೂ ದೊಡ್ಡ ಕೆಲಸವಾಯಿತು. ಅಳು ಬರುತ್ತಿರಲಿಲ್ಲ. ಬಂದಿದ್ದರೆ ಮನೆಯವರು ಬೇಗ ನಂಬುತ್ತಿದ್ದರೇನೋ. ಅಳದೆ ಮಲಗಿದವಳಿಗೆ ಸೋಮಾರಿ ಎಂಬ ಹೆಸರು ಸಿಕ್ಕಿತು.

ಮೊದಲು ಅಣ್ಣನ ಕಷಾಯವಾಯಿತು. ಬಾಯಿ ಕಹಿಯಾಯಿತು, ಮಿಕ್ಕಿದ್ದೆಲ್ಲ ಇದ್ದ ಹಾಗೇ ಇತ್ತು. ಆಮೇಲೆ ಯಜಮಾನರು ಚಿತ್ರದುರ್ಗದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆಕೆ ಇದು ಖಿನ್ನತೆ, ಜೋರಾಗಿಯೇ ಇದೆ ಎಂದರು. ಅವರು ಕೊಟ್ಟ ಮೊದಲ ಗುಳಿಗೆ ನನಗೆ ಒಗ್ಗಲಿಲ್ಲ. ನಾಲಿಗೆ ಒಣಗಿ, ಬಟ್ಟೆಯ ಮೇಲೆಯೇ ತೂಕಡಿಸುತ್ತಿದ್ದೆ. ಡಾಕ್ಟರು ಬೇರೆ ಗುಳಿಗೆಗೆ ಬದಲಾಯಿಸಿದರು. ಅದೇ ಆಸ್ಪತ್ರೆಯಲ್ಲಿ ಆಪ್ತಸಮಾಲೋಚನೆ ಮಾಡುವ ಒಬ್ಬ ಹೆಣ್ಣುಮಗಳ ಜೊತೆ ಕುಳಿತು ಮಾತಾಡಲೂ ಹೇಳಿದರು. ಹರಟೆ ಹೊಡೆಯಲು ದುರ್ಗದವರೆಗೆ ಬರಬೇಕೇ ಎಂದು ಆ ಹೆಣ್ಣುಮಗಳ ಮುಖಕ್ಕೇ ಕೇಳಿದೆ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಬುದ್ಧಿ ಹೇಳದೆ ನನ್ನ ಮಾತು ಪೂರ್ತಿ ಕೇಳಿದ ಮೊದಲ ವ್ಯಕ್ತಿ ಆಕೆಯೇ. ಮನಸ್ಸಿಲ್ಲದಿದ್ದರೂ ದಿನಕ್ಕೆ ಒಂದು ಸೀರೆಗಾದರೂ ಬಣ್ಣ ಹೊಂದಿಸಿ ನೋಡಿ ಎಂದು ಹೇಳಿ ಕಳಿಸಿದರು.

ಗುಳಿಗೆ ಹೆಚ್ಚೋ ಮಾತು ಹೆಚ್ಚೋ ಎಂದು ಡಾಕ್ಟರನ್ನು ಕೇಳಿದ್ದೆ. ಕಾಯಿಲೆ ಸಣ್ಣದಿದ್ದರೆ ಎಷ್ಟೋ ಜನಕ್ಕೆ ಮಾತೊಂದೇ ಸಾಕಾಗುತ್ತದೆ, ನಿಮ್ಮಂಥ ಜೋರಿನದಕ್ಕೆ ಎರಡೂ ಸೇರಿದರೆ ಹೆಚ್ಚು ಜನಕ್ಕೆ ಗುಣ ಕಾಣುತ್ತದೆ, ಆದರೆ ಯಾರಿಗೆ ಯಾವ ಗುಳಿಗೆ ಒಗ್ಗುತ್ತದೆಂದು ಮೊದಲೇ ಹೇಳಲಾಗದು, ಕೊಟ್ಟು, ಕಾದು, ನೋಡಬೇಕು ಎಂದರು. ಕೋಟೆ ಹತ್ತುವುದೂ ಒಳ್ಳೆಯದೇ, ಗುಳಿಗೆಯ ಬದಲಿಗೆ ಮಾತ್ರ ಅಲ್ಲ ಎಂದರು. ನನಗೆ ಆ ಮಾತು ಹಿಡಿಸಿತು. ನಾನೂ ಬಿಸಿಲಿಗೆ ಹಿಡಿದು ನೋಡದೆ ಯಾವ ಬಟ್ಟೆಗೂ ಮಾತು ಕೊಟ್ಟವಳಲ್ಲ.

ಅತ್ತೆಗೆ ಮಾತ್ರ ಮರ್ಯಾದೆಯ ಚಿಂತೆ. ಸೊಸೆ ಏನು ಗುಳಿಗೆ ನುಂಗುತ್ತಾಳೆಂದು ಓಣಿಯವರು ಕೇಳಿದಾಗ ಶುಗರ್ ಎಂದುಬಿಟ್ಟರು. ಶುಗರ್‌ಗೆ ನಮ್ಮ ಕಡೆ ಅವಮಾನವಿಲ್ಲ, ಮನೆಗೊಬ್ಬರಿಗಿದೆ. ಅಂದಿನಿಂದ ಯಾರ ಮನೆಗೆ ಹೋದರೂ ನನಗೆ ಸಕ್ಕರೆ ಇಲ್ಲದ ಸಪ್ಪೆ ಟೀ. ಹೋಳಿಗೆ ಊಟದಲ್ಲಿ ನನ್ನ ಎಲೆಗೆ ಹೋಳಿಗೆ ಬೀಳದೆ ಮುಂದೆ ಹೋಗುತ್ತಿತ್ತು. ಬದುಕಿನಲ್ಲಿ ಯಾವ ರುಚಿಯೂ ಉಳಿಯದಿದ್ದ ಕಾಲದಲ್ಲಿ ಇದ್ದೊಂದು ಸಿಹಿಯನ್ನೂ ಕಿತ್ತುಕೊಂಡರಲ್ಲ ಎಂದು ನನಗೆ ಉರಿಯುತ್ತಿತ್ತು.

ಎರಡನೆಯ ಗುಳಿಗೆ ಹಿಡಿಯತೊಡಗಿತ್ತು. ಜರಿಯಂಚಿನ ಒಂದು ಕೆನ್ನೇರಳೆ ಸೀರೆಗೆ ಸರಿಯಾದ ಪೀಸ್ ಎಳೆದುಕೊಟ್ಟಿದ್ದೆ. ಅದೇ ಹೊತ್ತಿಗೆ ಅತ್ತೆ ಹೊಸದುರ್ಗದ ಕಡೆಯ ಬಸ್ಸು ಹತ್ತಿಸಿ ಹಾಲುರಾಮೇಶ್ವರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕೊಳದ ಮುಂದೆ ಕುಳಿತು ಬೇಡಿಕೊಂಡರೆ ನೀರಿನಿಂದ ಹೂವೋ ಹಣ್ಣೋ ತೇಲಿ ಬರುತ್ತದೆ, ಅದೇ ಗಂಗಮ್ಮನ ಉತ್ತರ. ನನ್ನ ಸೊಸೆಗೆ ವಾಸಿಯಾಗುತ್ತದೆಯೇ ಎಂದು ಅತ್ತೆ ಸೆರಗೊಡ್ಡಿ ಕೇಳಿದರು, ವಾಸಿಯಾದರೆ ಸೀರೆ ಉಡಿಸುತ್ತೇನೆಂದು ಹರಕೆಯನ್ನೂ ಹೊತ್ತರು. ಬಾಳೆಹಣ್ಣು ಬಂತು. ಅತ್ತೆಯ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದೆ, ಅದು ಸುಳ್ಳಲ್ಲ.

ಮನೆಗೆ ಬಂದವರೇ ನನ್ನ ಗುಳಿಗೆ ಎತ್ತಿಟ್ಟರು. "ತಾಯಿ ಕೊಟ್ಟ ಮೇಲೂ ಗುಳಿಗೆ ನುಂಗಿದ್ರೆ, ಆಕಿ ಮಾತು ನಂಬಲಿಲ್ಲ ಅಂತ ಆಗ್ತೈತೆ," ಎಂದರು. ಯಜಮಾನರು ಕೊನೆಯಲ್ಲಿ ಮಾತಾಡಿದವರಿಗೆ ತಲೆಯಾಡಿಸುವವರು, ಅವತ್ತು ಅತ್ತೆಗೆ ಆಡಿಸಿದರು. ಜಗಳವಾಡಲು ನನ್ನಲ್ಲಿ ಶಕ್ತಿ ಇರಲಿಲ್ಲ.

ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಣ್ಣಗಳು ಮತ್ತೆ ಹೋದವು. ಒಂದು ಮಧ್ಯಾಹ್ನ ಅದೇ ಕೆನ್ನೇರಳೆ ಸೀರೆಯವಳು ದಾರ ಕೇಳಿಕೊಂಡು ಬಂದಳು. ದಾರದ ಪೆಟ್ಟಿಗೆಯ ಮುಂದೆ ಸುಮ್ಮನೆ ನಿಂತೆ. ನನಗೆ ಹೆದರಿಕೆಯಾಯಿತು. ಈ ಸಲ ಹೋದರೆ ವಾಪಸ್ಸು ಬರುವುದಿಲ್ಲ ಅನ್ನಿಸಿತು. ಚಪ್ಪಲಿ ಮೆಟ್ಟಿ ನೇರ ಬಸ್‌ಸ್ಟ್ಯಾಂಡಿಗೆ ನಡೆದೆ, ಯಾರಿಗೂ ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ದುರ್ಗದಲ್ಲಿ ಡಾಕ್ಟರು ಬೈಯಲಿಲ್ಲ. ಮತ್ತೆ ಶುರುಮಾಡಿಸಿ, ನನ್ನನ್ನು ಕೇಳದೆ ಬಿಡಬೇಡಿ ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ಅತ್ತೆ ಲಿಂಗಪೂಜೆಗೆ ಕುಳಿತಿದ್ದರು. ಜ್ವರವಿರಲಿ, ಮದುವೆಮನೆಯಿರಲಿ, ಅದನ್ನು ಅವರು ತಪ್ಪಿಸಿದ್ದನ್ನು ನಾನು ಕಂಡಿಲ್ಲ. ಮುಗಿಯುವವರೆಗೂ ಕಾದು ಗುಳಿಗೆಯ ಸ್ಟ್ರಿಪ್ಪನ್ನು ಅವರ ಮುಂದೆಯೇ ಇಟ್ಟೆ.

"ಅತ್ತೆ, ದೀಕ್ಷೆ ಆದ ದಿನಾನೇ ಶಿವ ಒಲಿದ ಅಂತ ಪೂಜೆ ಬಿಟ್ರೇನ್ರಿ ನೀವು?"

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

"ಗಂಗಮ್ಮ ವಾಸಿ ಆಗ್ತೈತೆ ಅಂದ್ಲು. ಗುಳಿಗೆ ಬಿಡು ಅನ್ನಲಿಲ್ಲ. ಅದನ್ನ ಅಂದೋರು ನೀವು. ನಾನು ಬಿಡಲ್ಲ."

ಅತ್ತೆ ವಿಭೂತಿ ಗಟ್ಟಿ ಎತ್ತಿಟ್ಟು ಎದ್ದರು. ಯಜಮಾನರು ಬಾಗಿಲಲ್ಲಿ ನಿಂತು ನನಗೆ ತಲೆಯಾಡಿಸಿದರು. ಕೊನೆಯ ಮಾತು ನನ್ನದಾಗಿತ್ತಲ್ಲ.

ಹರಕೆ ತೀರಿಸಲು ಮತ್ತೆ ಹಾಲುರಾಮೇಶ್ವರಕ್ಕೆ ಹೋಗುವಷ್ಟರಲ್ಲಿ ನನಗೆ ಬಣ್ಣಗಳು ಮರಳಿದ್ದವು. ಗಂಗಮ್ಮನಿಗೆ ಹಸಿರು ಸೀರೆ, ಅದಕ್ಕೆ ಹೊಂದುವ ಕುಪ್ಪಸ ನಾನೇ ಆರಿಸಿದೆ. ಕೊಳದ ಮುಂದೆ ಏನನ್ನೂ ಕೇಳಲಿಲ್ಲ, ಕೈಮುಗಿದೆ. ಊಟವಾದ ಮೇಲೆ ಅಲ್ಲೇ ಕಟ್ಟೆಯ ಮೇಲೆ ಕುಳಿತು, ಸೆರಗಿನ ಮರೆಯಿಲ್ಲದೆ ಗುಳಿಗೆ ಬಾಯಿಗೆ ಹಾಕಿಕೊಂಡೆ.

ಪಕ್ಕದಲ್ಲಿದ್ದ ಒಬ್ಬ ಹೆಂಗಸು, "ಶುಗರ್ರೇನಮ್ಮ? ನನಗೂ ಐತೆ," ಎಂದಳು.

ಅತ್ತೆ ಆ ಕಡೆ ಮುಖ ತಿರುಗಿಸಿದರು.

"ಶುಗರ್ ಅಲ್ಲಮ್ಮ. ಖಿನ್ನತೆ ಅಂತ, ಮನಸ್ಸಿನ ಕಾಯಿಲೆ. ಇದನ್ನ ತಗಂಡೇ ಎದ್ದು ಕುಂತಿದೀನಿ," ಎಂದೆ. ದನಿ ತಗ್ಗಿಸಲಿಲ್ಲ. ಆಚೆ ಕುಳಿತಿದ್ದವರೂ ತಿರುಗಿ ನೋಡಿದರು. ನೋಡಲಿ ಎಂದು ನಾನೂ ಅವರನ್ನೇ ನೋಡಿದೆ.

ಹೊರಗೆ ಟೀ ಅಂಗಡಿಯಲ್ಲಿ ಯಜಮಾನರು ರೂಢಿಯಂತೆ ಎರಡು ಟೀ, ಒಂದು ಸಪ್ಪೆ ಎಂದರು. ಅತ್ತೆ ಅವರನ್ನು ತಡೆದು ಅಂಗಡಿಯವನಿಗೆ, "ಮೂರಕ್ಕೂ ಸಕ್ಕರೆ ಹಾಕ್ರಿ. ನಮ್ಮ ಸೊಸೆಗೆ ಶುಗರ್ ಇಲ್ಲ," ಎಂದರು. ನನ್ನ ಮುಖ ನೋಡದೆಯೇ ಹೇಳಿದರು.

ಟೀ ಪಾಯಸದಷ್ಟು ಸಿಹಿಯಾಗಿತ್ತು. ಲೋಟ ಖಾಲಿ ಮಾಡಿ, ಇನ್ನೊಂದು ಹೇಳಿ ಎಂದೆ.